ಗೋವಾದಲ್ಲಿ ಹುಳಿ ಬದಲಾಗುವ ಜಾಗ

ಗೋವಾಕ್ಕೆ ಹೋದ ನಮ್ಮವರಲ್ಲಿ ಬಹಳಷ್ಟು ಜನ ಒಂದೇ ದಿನದಲ್ಲಿ ಈ ಎರಡು ಜಾಗ ನೋಡಿರುತ್ತಾರೆ. ಬೆಳಿಗ್ಗೆ ಓಲ್ಡ್ ಗೋವಾದ ಚರ್ಚುಗಳು. ಮಧ್ಯಾಹ್ನದೊಳಗೆ ಮಂಗೇಶಿ ದೇವಸ್ಥಾನ. ನಡುವೆ ಅರ್ಧ ಗಂಟೆ ದಾರಿ. ಊಟ ಮುಗಿಸಿ ಸಂಜೆ ಬೀಚು. ಟ್ಯಾಕ್ಸಿಯವರ ಪ್ಯಾಕೇಜೇ ಹಾಗಿರುತ್ತದೆ, ನಾವೂ ಸುಮ್ನೆ ಕೂತು ಹೋಗಿಬಿಡುತ್ತೇವೆ.

ನನಗೆ ಮೂರ್ನಾಲ್ಕು ಸಲ ಹೋಗಿ ಬಂದ ಮೇಲೆ ತಲೆಯಲ್ಲಿ ಒಂದು ಪ್ರಶ್ನೆ ಕೂತಿತು. ಮಾಂಡೋವಿ ದಂಡೆಯ ಓಲ್ಡ್ ಗೋವಾದಲ್ಲಿ ಎತ್ತ ನೋಡಿದರೂ ಚರ್ಚೇ. ಹಳೆಯ ದೊಡ್ಡ ದೇವಸ್ಥಾನ ಒಂದೂ ಕಣ್ಣಿಗೆ ಬೀಳುವುದಿಲ್ಲ. ಅದೇ ಫೋಂಡಾ ಕಡೆ ತಿರುಗಿದಿರೋ, ಮಂಗೇಶಿ, ಮ್ಹಾರ್ದೋಳ್, ಬಾಂದಿವಡೆ, ಕವಳೆ ಅಂತ ಹೆಸರಾಂತ ದೇವಸ್ಥಾನಗಳು ಒಂದರ ಮಗ್ಗುಲಿಗೆ ಒಂದು. ಎಲ್ಲ ದೇವರೂ ಒಂದೇ ತಾಲ್ಲೂಕಿಗೆ ಬಂದು ಕೂತಿದ್ದೇಕೆ?

ಊಟದ ತಟ್ಟೆಯಲ್ಲೂ ಇದೇ ಕಥೆ. ಮಡಗಾಂವ್ ಕಡೆಯ ಕ್ಯಾಥೊಲಿಕ್ ಮನೆಯ ಸಾರಿನಲ್ಲಿ ಹುಳಿ ಬರುವುದು ವಿನೆಗರ್‌ನಿಂದ. ಫೋಂಡಾ ಕಡೆಯ ಹಿಂದೂ ಮನೆಯ ಸಾರಿನಲ್ಲಿ ಹುಳಿ ಬರುವುದು ಕೋಕಮ್‌ನಿಂದ. ಶಿರಸಿಯವರು ಮುರುಗಲು ಅಂತಾರಲ್ಲ, ಮಂಗಳೂರಿನವರು ಪುನರ್ಪುಳಿ ಅಂತಾರಲ್ಲ, ಅದೇ. ಮೀನು ಅದೇ ಬಂಗಡೆ, ತೆಂಗು ಅದೇ ತೆಂಗು. ಹುಳಿ ಮಾತ್ರ ಬೇರೆ.

ಎರಡೂ ಪ್ರಶ್ನೆಗೆ ಉತ್ತರ ಒಂದೇ ನಕ್ಷೆಯಲ್ಲಿದೆ. ಅದನ್ನು ತಿಳಿದುಕೊಂಡು ಹೋದರೆ ಗೋವಾ ಬೇರೆಯೇ ಥರ ಕಾಣುತ್ತದೆ.

ಎರಡು ಗೋವಾ

ಪೋರ್ಚುಗೀಸರು ಗೋವಾವನ್ನು 451 ವರ್ಷ ಆಳಿದರು ಅಂತ ಎಲ್ಲರೂ ಹೇಳುತ್ತಾರೆ. 1510ರಿಂದ 1961ರವರೆಗೆ. ಲೆಕ್ಕ ಸರಿ. ಆದರೆ ಇಡೀ ಗೋವಾವನ್ನು ಅಷ್ಟು ವರ್ಷ ಆಳಲಿಲ್ಲ. ಎಲ್ಲ ಗೊಂದಲ ಶುರುವಾಗುವುದೇ ಇಲ್ಲಿ.

1510ರಲ್ಲಿ ಪೋರ್ಚುಗೀಸರ ಸೇನಾಪತಿ ಅಫೋನ್ಸೊ ದ ಅಲ್ಬುಕರ್ಕ್ ಬಂದಾಗ ಗೋವಾ ಬಿಜಾಪುರದ ಆದಿಲಶಾಹಿಯ ಕೈಯಲ್ಲಿತ್ತು. ಅರಬ್ ಕುದುರೆಗಳು ಬಂದಿಳಿಯುವ ಬಂದರು ಅದು. ಅದಕ್ಕೇ ವಿಜಯನಗರಕ್ಕೂ ಅದರ ಮೇಲೆ ಕಣ್ಣು. ಅಲ್ಬುಕರ್ಕ್‌ಗೆ ‘ಗೋವಾವನ್ನೇ ಹಿಡಿ, ಈಗ ಅಲ್ಲಿ ಬಲ ಕಡಿಮೆ ಇದೆ’ ಅಂತ ದಾರಿ ತೋರಿಸಿದವನು ನಮ್ಮ ಹೊನ್ನಾವರ ಕಡೆಯ ಕಡಲ ಸರದಾರ ತಿಮ್ಮೋಜ. ತಿಮ್ಮಯ್ಯ ಅಂತಲೂ ಅವನನ್ನು ಕರೆಯುತ್ತಾರೆ. ಆ ವರ್ಷದ ಆರಂಭದಲ್ಲಿ ಊರು ಸಿಕ್ಕಿತು, ಮೇ ತಿಂಗಳಲ್ಲಿ ಕೈತಪ್ಪಿತು, ನವೆಂಬರ್ 25ಕ್ಕೆ ಮತ್ತೆ ಸಿಕ್ಕಿತು. ಊರು ತನ್ನ ಕೈಗೇ ಬರುತ್ತದೆ ಅಂತ ತಿಮ್ಮೋಜ ಅಂದುಕೊಂಡಿದ್ದನೇನೋ. ಬಂದವರು ಬಿಟ್ಟುಹೋಗುವವರಲ್ಲ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಆಗ ಅವರಿಗೆ ಸಿಕ್ಕಿದ್ದು ಮಾಂಡೋವಿ, ಜುವಾರಿ ನದಿಗಳ ನಡುವಿನ ತಿಸವಾಡಿ ಮತ್ತು ಅಕ್ಕಪಕ್ಕದ ನಡುಗಡ್ಡೆಗಳು. 1543ರಲ್ಲಿ ಉತ್ತರದ ಬಾರ್ದೇಸ್, ದಕ್ಷಿಣದ ಸಾಸಷ್ಟಿ ಸೇರಿದವು. ಮಾಪ್ಸಾ, ಕಲಂಗುಟ್ ಇರುವುದು ಬಾರ್ದೇಸ್‌ನಲ್ಲಿ. ಮಡಗಾಂವ್, ಕೋಲ್ವಾ ಇರುವುದು ಸಾಸಷ್ಟಿಯಲ್ಲಿ. ಈ ಮೂರಕ್ಕೆ ‘ಹಳೆಯ ಗೆಲುವು’ ಅಂತ ಹೆಸರು. ಮುಂದೆ 200 ವರ್ಷಕ್ಕೂ ಜಾಸ್ತಿ ಕಾಲ ಪೋರ್ಚುಗೀಸ್ ಗೋವಾ ಅಂದರೆ ಇಷ್ಟೇ.

ಫೋಂಡಾ, ಸಾಂಗೆ, ಕೇಪೆ, ಕಾಣಕೋಣ, ಡಿಚೋಲಿ, ಸತ್ತರಿ, ಪೆಡ್ಣೆ ಇವೆಲ್ಲ ಸೇರಿದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ. ಇದಕ್ಕೆ ‘ಹೊಸ ಗೆಲುವು’ ಅಂತ ಹೆಸರು. ಇಲ್ಲೂ ನಮ್ಮ ಕಡೆಯ ಕಥೆಯೊಂದಿದೆ. ಶಿರಸಿ ಹತ್ತಿರದ ಸೋಂದೆ ಗೊತ್ತಲ್ಲ, ವಾದಿರಾಜರ ಮಠ ಇರುವ ಊರು. ಅಲ್ಲಿನ ಅರಸನ ಕೈಯಲ್ಲಿ ಫೋಂಡಾ ಮತ್ತು ಕಾಣಕೋಣ ಕಡೆಯ ನೆಲ ಇತ್ತು. 1763ರ ಸುಮಾರಿಗೆ ಹೈದರಾಲಿ ಸೋಂದೆಯ ಮೇಲೆ ಬಿದ್ದ. ಅರಸ ಓಡಿಹೋಗಿ ಪೋರ್ಚುಗೀಸರ ಆಸರೆ ಕೇಳಿದ. ಘಟ್ಟದ ಕೆಳಗಿನ ಅವನ ಸೀಮೆ ಅವರ ಕೈಗೆ ಹೋಯಿತು. ಅರಸನ ಮನೆತನ ಫೋಂಡಾದ ಬಾಂದಿವಡೆಯಲ್ಲಿ ನೆಲೆ ನಿಂತಿತು. ಇವತ್ತು ಕಾಣಕೋಣದ ಪಾಳೊಳೆ ಬೀಚು ಕಾರವಾರದವರದ್ದಾಗದೆ ಗೋವಾದವರದ್ದಾಗಿದ್ದರೆ, ಅದರ ಹಿಂದೆ ಹೈದರಾಲಿಯ ಸೈನ್ಯ ಇದೆ.

ಹಳೆಯ ಮೂರು ತಾಲ್ಲೂಕು, ಹೊಸ ಏಳು ತಾಲ್ಲೂಕು. ನಡುವೆ 200 ವರ್ಷ. ಈ ಅಂತರವೇ ಕೀಲಿಕೈ.

ನದಿ ದಾಟಿದ ದೇವರುಗಳು

16ನೇ ಶತಮಾನದ ಪೋರ್ಚುಗೀಸರಿಗೆ ವ್ಯಾಪಾರದಷ್ಟೇ ಮತವೂ ಮುಖ್ಯವಾಗಿತ್ತು. 1540ರ ಹೊತ್ತಿಗೆ ತಿಸವಾಡಿಯ ದೇವಸ್ಥಾನಗಳನ್ನು ಕೆಡವಿದರು. 1560ರ ದಶಕದಲ್ಲಿ ಸಾಸಷ್ಟಿಯ ಸರದಿ. ಅದೇ 1560ರಲ್ಲಿ ಇಂಕ್ವಿಸಿಶನ್ ಅನ್ನುವ ಮತ ವಿಚಾರಣೆಯ ಕೋರ್ಟು ಗೋವಾಕ್ಕೆ ಬಂತು. ನಡುವೆ ನಾಲ್ಕು ವರ್ಷ ಬಿಟ್ಟರೆ 1812ರವರೆಗೂ ಅದು ನಡೆಯಿತು. ಹೊಸದಾಗಿ ಕ್ರೈಸ್ತರಾದವರು ಮನೆಯೊಳಗೆ ಹಳೆಯ ಆಚಾರ ಇಟ್ಟುಕೊಂಡರೂ ಅದಕ್ಕೆ ವಿಚಾರಣೆ ಇತ್ತು.

ಆಗ ಜುವಾರಿ ನದಿಯ ಆಚೆಗಿನ ಫೋಂಡಾ ಇನ್ನೂ ಆದಿಲಶಾಹಿಗೆ ಸೇರಿತ್ತು. ದೋಣಿಯಲ್ಲಿ ದಾಟಿದರೆ ಬೇರೆ ರಾಜ್ಯ. ಭಕ್ತರು ರಾತ್ರೋರಾತ್ರಿ ಮೂರ್ತಿಗಳನ್ನು ಹೊತ್ತುಕೊಂಡು ನದಿ ದಾಟಿದರು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ ಬಂದ. ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಬಂದಳು. ವೆರ್ಣೆಯ ಮಹಾಲಸಾ ಮ್ಹಾರ್ದೋಳಕ್ಕೆ, ಕೋಲ್ವಾದ ಮಹಾಲಕ್ಷ್ಮಿ ಬಾಂದಿವಡೆಗೆ. ಎಲ್ಲರೂ ಒಂದೇ ತಾಲ್ಲೂಕಿನಲ್ಲಿ ಇರುವುದು ಇದಕ್ಕೇ. ಒಂದು ಲೆಕ್ಕದಲ್ಲಿ ಫೋಂಡಾ ದೇವರುಗಳ ನಿರಾಶ್ರಿತರ ಊರು.

ಮುಂದೆ ಫೋಂಡಾವೂ ಪೋರ್ಚುಗೀಸರ ಕೈಗೆ ಬಂತು ನಿಜ. ಅಷ್ಟರಲ್ಲಿ ಕಾಲ ಬದಲಾಗಿತ್ತು. 1759ರಲ್ಲಿ ಮತ ಹರಡುವುದರಲ್ಲಿ ಮುಂದಿದ್ದ ಜೆಸ್ಯುಟ್ ಪಾದ್ರಿಗಳನ್ನು ಪೋರ್ಚುಗಲ್ ಸರಕಾರವೇ ಹೊರಹಾಕಿತ್ತು. ಹೊಸದಾಗಿ ಬಂದ ಸೀಮೆಯ ಜನರ ಆಚಾರಕ್ಕೆ ಕೈಹಾಕುವುದಿಲ್ಲ ಅಂತ ಮಾತು ಕೊಟ್ಟೇ ಆಳಬೇಕಾಯಿತು. ದೇವಸ್ಥಾನಗಳು ಉಳಿದವು.

ಓಡಿದವರೆಲ್ಲ ಫೋಂಡಾದಲ್ಲೇ ನಿಲ್ಲಲಿಲ್ಲ. ಅನೇಕ ಸಾರಸ್ವತ ಮನೆತನಗಳು ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರಿನತ್ತ ಇಳಿದವು. ಮುಂದೆ ಬರಗಾಲ, ಯುದ್ಧ, ತೆರಿಗೆ ಅಂತ ಕ್ರೈಸ್ತರೂ ಅದೇ ದಾರಿ ಹಿಡಿದರು. ಮಂಗಳೂರಿನ ಕ್ಯಾಥೊಲಿಕರ ಕೊಂಕಣಿ ಬಂದದ್ದು ಹೀಗೆ. ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವುದೂ ಇದರಿಂದಲೇ.

ಮಂಗೇಶಿಯ ಅಂಗಳದಲ್ಲಿ ಒಂದು ಐದು ನಿಮಿಷ ನಿಂತು ನೋಡಿ. ನಮ್ಮ ಕಡೆಯ ಗೋಪುರ ಇಲ್ಲ. ಗರ್ಭಗುಡಿಯ ಮೇಲೆ ಎಂಟು ಮೂಲೆಯ ಗೋಡೆ, ಅದರ ಮೇಲೆ ಗುಮ್ಮಟ. ಕಿಟಕಿಗಳಿಗೆ ಅರ್ಧ ಚಂದ್ರದ ಕಮಾನು. ಒಳಗೆ ತೂಗುವ ಗಾಜಿನ ದೀಪಗುಚ್ಛ. ಅಂಗಳದಲ್ಲಿ ಬಿಳಿ ಬಣ್ಣದ ಏಳು ಅಂತಸ್ತಿನ ದೀಪಸ್ತಂಭ. ದೂರದಿಂದ ನೋಡಿದರೆ ಚರ್ಚಿನ ಗಂಟೆಗೋಪುರವೇ ಅನ್ನಿಸುತ್ತದೆ. ಈಗಿನ ಕಟ್ಟಡಗಳು ಎದ್ದದ್ದು ಬಹುಪಾಲು 18ನೇ ಶತಮಾನದಲ್ಲಿ. ಕವಳೆಯ ದೇವಸ್ಥಾನ 1738ರದ್ದು, ಮರಾಠಾ ದೊರೆ ಶಾಹು ಮಹಾರಾಜರ ಕಾಲದ್ದು. ಅಷ್ಟು ಹೊತ್ತಿಗೆ ನಾಡಿನ ಕಲ್ಲುಕುಟಿಗರ ಕೈ ಚರ್ಚು ಕಟ್ಟಿ ಪಳಗಿತ್ತು. ಓಡಿಬಂದ ದೇವರಿಗೆ ಓಡಿಸಿದವರ ಕಮಾನಿನ ಕೆಳಗೇ ಮನೆ ಆಯಿತು. ಇದನ್ನು ಗೈಡುಗಳು ಯಾಕೆ ಹೇಳುವುದಿಲ್ಲವೋ ನನಗಂತೂ ಗೊತ್ತಿಲ್ಲ.

ಪೋರ್ಚುಗೀಸರಿಗಿಂತ ಮೊದಲಿನ ಗೋವಾ ಹೇಗಿತ್ತು ಅಂತ ನೋಡಬೇಕಾದರೆ ಘಟ್ಟದ ಬುಡದ ತಾಂಬ್ಡಿ ಸುರ್ಲಕ್ಕೆ ಹೋಗಬೇಕು. ಕಾಡಿನ ನಡುವೆ ಕಪ್ಪು ಬಸಾಲ್ಟ್ ಕಲ್ಲಿನ ಚಿಕ್ಕ ಮಹಾದೇವ ದೇವಸ್ಥಾನ. 12-13ನೇ ಶತಮಾನದ್ದು, ಗೋವಾ ಕದಂಬರ ಕಾಲದ್ದು. ಬಳ್ಳಿಗಾವಿಯನ್ನೋ ಲಕ್ಕುಂಡಿಯನ್ನೋ ನೋಡಿದ ಕಣ್ಣಿಗೆ ಕಂಬ, ಛಾವಣಿಯ ಕಮಲ ಎಲ್ಲ ಪರಿಚಿತ. ಯಾರಿಗೂ ದಾರಿ ಸಿಗದ ಮೂಲೆಯಲ್ಲಿ ಇದ್ದದ್ದಕ್ಕೇ ಉಳಿಯಿತು ಅನ್ನುತ್ತಾರೆ.

ಕೆಂಪು ಕಲ್ಲಿನ ರಾಜಧಾನಿ

ಓಲ್ಡ್ ಗೋವಾದಲ್ಲಿ ಇವತ್ತು ಚರ್ಚು, ಹುಲ್ಲುಹಾಸು, ಪ್ರವಾಸಿಗರ ಬಸ್ಸು ಇಷ್ಟೇ. ಒಂದು ಕಾಲಕ್ಕೆ ಇದು ಏಷ್ಯಾದ ಪೋರ್ಚುಗೀಸ್ ಸಾಮ್ರಾಜ್ಯದ ರಾಜಧಾನಿ. ಗೋವಾ ನೋಡಿದವನಿಗೆ ಲಿಸ್ಬನ್ ನೋಡುವ ಕೆಲಸ ಇಲ್ಲ ಅಂತ ಗಾದೆಯೇ ಇತ್ತು. ಊರನ್ನು ಖಾಲಿ ಮಾಡಿಸಿದ್ದು ರೋಗ. ಕಾಲರಾ, ಮಲೇರಿಯಾ ಮತ್ತೆ ಮತ್ತೆ ಬಂದವು. ಮೇಲಿನಿಂದ ಡಚ್ಚರ ಪೈಪೋಟಿಯಲ್ಲಿ ವ್ಯಾಪಾರವೂ ಕುಸಿಯಿತು. ಜನ ನದಿಯ ಬಾಯಿ ಕಡೆಗೆ ಸರಿದರು. 1843ರಲ್ಲಿ ಪಣಜಿಯೇ ರಾಜಧಾನಿ ಅಂತ ಆಯಿತು. ಹಳೆಯ ಮನೆಗಳ ಕಲ್ಲು ಕೂಡ ಹೊಸ ಊರಿಗೆ ಹೋಯಿತು.

ಬೊಮ್ ಜೀಸಸ್ ಬಸಿಲಿಕಾದ ಕೆಲಸ ಶುರುವಾದದ್ದು 1594ರಲ್ಲಿ, ಮುಗಿದದ್ದು 1605ರಲ್ಲಿ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹ ಇರುವುದು ಇಲ್ಲೇ. 1552ರಲ್ಲಿ ಚೀನಾದ ಹತ್ತಿರದ ಒಂದು ದ್ವೀಪದಲ್ಲಿ ತೀರಿಕೊಂಡವರು. ಹತ್ತು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಕೆಳಗಿಳಿಸಿ ಜನರ ದರ್ಶನಕ್ಕೆ ಇಡುತ್ತಾರೆ. ಹೋದ ಸಲ ಇಟ್ಟದ್ದು 2024ರ ನವೆಂಬರಿನಿಂದ 2025ರ ಜನವರಿವರೆಗೆ.

ಬಸಿಲಿಕಾದ ಗೋಡೆ ಯಾಕೆ ಬರೀ ಕೆಂಪು, ಉಳಿದ ಚರ್ಚುಗಳು ಯಾಕೆ ಬಿಳಿ ಅಂತ ಕೇಳಿದ್ದೀರಾ? ಎಲ್ಲವೂ ಒಂದೇ ಕಲ್ಲು. ಕರಾವಳಿಯವರ ಮುರಕಲ್ಲು. ನೆಲದಿಂದ ಕತ್ತರಿಸಿ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ರಂಧ್ರ. ಮಳೆ ನೀರು ಕುಡಿದು ಕುಡಿದು ಸವೆಯುತ್ತದೆ. ಅದಕ್ಕೇ ಹಿಂದಿನವರು ಸುಣ್ಣದ ಗಾರೆ ಬಳಿದು, ಪ್ರತಿ ವರ್ಷ ಸುಣ್ಣ ಹೊಡೆಯುತ್ತಿದ್ದರು. ಬೊಮ್ ಜೀಸಸ್‌ನ ಗಾರೆಯನ್ನು 1950ರ ದಶಕದಲ್ಲಿ ಕಿತ್ತುಹಾಕಿದರು, ಹಳೆಯದಾಗಿ ಕಾಣಲಿ ಅಂತ. ಈಗ ಫೋಟೋಗೆ ಚೆನ್ನಾಗಿದೆ. ಗೋಡೆಗೆ ಚೆನ್ನಾಗಿಲ್ಲ. ಗಾರೆ ವಾಪಸ್ ಹಚ್ಚಬೇಕೋ ಬೇಡವೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಎದುರಿನ ಸೆ ಕೆಥೆಡ್ರಲ್‌ಗೆ ಒಂದೇ ಗೋಪುರ. ಇನ್ನೊಂದು 1776ರಲ್ಲಿ ಬಿದ್ದುಹೋಯಿತು, ಯಾರೂ ಮತ್ತೆ ಕಟ್ಟಲಿಲ್ಲ. ಇವೆರಡನ್ನು ನೋಡಿ ಎಲ್ಲರೂ ಬಸ್ಸು ಹತ್ತುತ್ತಾರೆ. ನೀವು ಹತ್ತಬೇಡಿ. ಗುಡ್ಡದ ಮೇಲೆ ಸಂತ ಅಗಸ್ಟಿನ್ ಚರ್ಚಿನ ಮುರುಕು ಗೋಪುರ ಇದೆ, 46 ಮೀಟರ್ ಎತ್ತರ. 1835ರ ಸುಮಾರಿಗೆ ಮಠಗಳನ್ನು ಮುಚ್ಚಿದ ಮೇಲೆ ಪಾಳುಬಿದ್ದದ್ದು. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ ಅವರ ಮೂಳೆ ಸಿಕ್ಕಿದ್ದು ಈ ಹಾಳಿನಲ್ಲೇ. 1624ರಲ್ಲಿ ಇರಾನಿನಲ್ಲಿ ಕೊಲೆಯಾದವರು, ಪಾದ್ರಿಗಳು ಅವಶೇಷ ಇಲ್ಲಿಗೆ ತಂದಿದ್ದರು. 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಮಧ್ಯಾಹ್ನ ಅಲ್ಲಿ ಕಾಗೆ ಕೂಗುವುದು ಬಿಟ್ಟರೆ ಸದ್ದಿಲ್ಲ. ಇಡೀ ಓಲ್ಡ್ ಗೋವಾದಲ್ಲಿ ನನಗೆ ಇಷ್ಟವಾಗುವ ಜಾಗ ಇದು.

ವಿನೆಗರ್ ಎಲ್ಲಿಂದ ಬಂತು

ಈಗ ಅಡುಗೆಮನೆಗೆ ಬರೋಣ. ಮೊದಲ ಸಲ ಗೋವಾದಲ್ಲಿ ನಾನು ವಿಂದಾಲು ಕೇಳಿ ತರಿಸಿಕೊಂಡದ್ದು ಬೀಚಿನ ಒಂದು ಗುಡಿಸಲು ಹೋಟೆಲಿನಲ್ಲಿ. ಕೆಂಪು ಗ್ರೇವಿ, ನಡುವೆ ದಪ್ಪ ದಪ್ಪ ಆಲೂಗಡ್ಡೆ. ಹೆಸರಿನಲ್ಲಿ ‘ಆಲು’ ಇದೆಯಲ್ಲ ಅಂತ ನಾನೂ ಒಪ್ಪಿಕೊಂಡು ತಿಂದೆ. ಮಡಗಾಂವಿನ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ತಲೆ ಚಚ್ಚಿಕೊಂಡರು.

ಆ ಹೆಸರಿನ ಮೂಲ ಪೋರ್ಚುಗೀಸಿನ ‘ವಿನ್ಯಾ ದಾಲ್ಯೂಸ್’. ವಿನ್ಯಾ ಅಂದರೆ ವೈನು, ಆಲ್ಯೂಸ್ ಅಂದರೆ ಬೆಳ್ಳುಳ್ಳಿ. ತಿಂಗಳುಗಟ್ಟಲೆ ಹಡಗಿನಲ್ಲಿ ಇರಬೇಕಾದವರು ಮಾಂಸವನ್ನು ವೈನು, ಬೆಳ್ಳುಳ್ಳಿಯಲ್ಲಿ ನೆನೆಸಿಟ್ಟುಕೊಳ್ಳುತ್ತಿದ್ದರು. ಹುಳಿಯಲ್ಲಿ ಮಾಂಸ ಬೇಗ ಕೆಡುವುದಿಲ್ಲ. ನಾವು ಉಪ್ಪಿನಕಾಯಿ ಹಾಕುವುದೂ ಇದೇ ಲೆಕ್ಕದಲ್ಲಿ ಅಲ್ವಾ?

ಗೋವಾದಲ್ಲಿ ದ್ರಾಕ್ಷಿ ಎಲ್ಲಿಂದ ಬರಬೇಕು? ಇದ್ದದ್ದು ತೆಂಗಿನಮರ. ಮರ ಹತ್ತಿ ಕಳ್ಳು ಇಳಿಸುವವರಿಗೆ ಅಲ್ಲಿ ರೆಂದೇರ್ ಅನ್ನುತ್ತಾರೆ, ಕಳ್ಳಿಗೆ ಸೂರ್. ಹೂಗೊಂಚಲನ್ನು ಬಿಗಿದು ಕಟ್ಟಿ, ತುದಿ ಕೊಯ್ದು, ಕೆಳಗೆ ಮಡಕೆ ಕಟ್ಟುತ್ತಾರೆ. ಬೆಳಿಗ್ಗೆ ಇಳಿಸಿದ ಸೂರ್ ಸಿಹಿ. ಸಂಜೆಗೆ ನೊರೆ ಬಂದು ಅಮಲು. ಹಾಗೇ ಕೆಲವು ವಾರ ಬಿಟ್ಟರೆ ಅಮಲು ಹೋಗಿ ಹುಳಿ. ಅದೇ ಗೋವಾದ ವಿನೆಗರ್. ಅಂಗಡಿಯ ಬಿಳಿ ವಿನೆಗರ್‌ನ ಹಾಗೆ ಮೂಗಿಗೆ ಹೊಡೆಯುವುದಿಲ್ಲ, ಹಿಂದೆ ಸಣ್ಣ ಸಿಹಿ ಇರುತ್ತದೆ.

ಅದಕ್ಕೆ ಇಲ್ಲಿಯದೇ ಕಾಳುಮೆಣಸು, ಜೊತೆಗೆ ದಾಲ್ಚಿನ್ನಿ, ಲವಂಗ ಸೇರಿತು. ಅಮೆರಿಕದಿಂದ ಪೋರ್ಚುಗೀಸರೇ ತಂದ ಒಣಮೆಣಸಿನಕಾಯಿ ಸೇರಿತು. ಮೆಣಸಿನಕಾಯಿ ಹೊರಗಿನದು ಅಂತ ನಂಬುವುದು ಕಷ್ಟ. ಆದರೆ ನಮ್ಮ ಮಾತೇ ಸಾಕ್ಷಿ ಹೇಳುತ್ತದೆ. ನಮಗೆ ಮೊದಲು ಗೊತ್ತಿದ್ದ ಖಾರ ಮೆಣಸು. ಅದರ ಹಾಗೆ ಖಾರ ಇರುವ ಕಾಯಿ ಬಂತು, ಮೆಣಸಿನಕಾಯಿ ಅಂದೆವು. ತಮಾಷೆ ನೋಡಿ, ಈಗ ಗೋವಾದ ಅಡುಗೆಮನೆಗೆ ಬಣ್ಣ ಕೊಡುವುದು ಹಾವೇರಿ ಜಿಲ್ಲೆಯ ಬ್ಯಾಡಗಿ. ಅಲ್ಲಿಯ ಅಂಗಡಿಗಳಲ್ಲಿ ‘ಬೇಡಗಿ’ ಅಂತಲೇ ಕೇಳುತ್ತಾರೆ.

ಪೋರ್ಚುಗೀಸರ ಹಡಗು ಎಲ್ಲೆಲ್ಲಿ ನಿಂತಿತ್ತೋ ಅಲ್ಲಿಯ ರುಚಿಯೆಲ್ಲ ಇಲ್ಲಿ ಇಳಿದಿದೆ. ಹಸಿರು ಮಸಾಲೆಯ ಕೋಳಿ ಕಾಫ್ರಿಯಾಲ್ ಆಫ್ರಿಕಾ ಕಡೆಯದು. ಸೀಗಡಿಯ ಉಪ್ಪಿನಕಾಯಿಯಂಥ ಬಲ್ಚಾಂವ್‌ನ ಹೆಸರು ಮಕಾವ್ ಕಡೆಯದು. ಬಂಗಡೆಯ ಹೊಟ್ಟೆ ಸೀಳಿ ತುಂಬುವ ಕೆಂಪು ಮಸಾಲೆ ರೆಶಾದ್. ಆ ಮಾತಿಗೆ ಪೋರ್ಚುಗೀಸಿನಲ್ಲಿ ಅರ್ಥವೇ ‘ತುಂಬಿದ್ದು’. ಹುರಿದ ತೆಂಗಿನಕಾಯಿ, ಗಸಗಸೆಯ ಶಾಕುತಿ ಮಾತ್ರ ಇಲ್ಲಿಯದೇ. Xacuti ಅನ್ನುವ ಸ್ಪೆಲಿಂಗು ನೋಡಿ ವಿದೇಶಿ ಅಂದುಕೊಳ್ಳುತ್ತೇವೆ, ಅಷ್ಟೇ.

ಇನ್ನು ಆಚೆ ದಡದ ಅಡುಗೆ. ಹಿಂದೂ ಮನೆಗಳಲ್ಲಿ ಕಳ್ಳಿನ ವಿನೆಗರ್ ಒಲೆಯ ಹತ್ತಿರ ಬರಲಿಲ್ಲ. ಹುಳಿಗೆ ಕೋಕಮ್, ಹುಣಸೆ, ಮಾವಿನಕಾಯಿ. ಬಂಗಡೆಯ ಹುಮಣಕ್ಕೆ, ಅಂದರೆ ಮೀನಿನ ಸಾರಿಗೆ, ತಿರಫಳ ಹಾಕುತ್ತಾರೆ. ಉತ್ತರ ಕನ್ನಡದವರು ಜುಮ್ಮನಕಾಯಿ ಅನ್ನುವುದು ಅದಕ್ಕೇ. ನಾಲಿಗೆ ಸ್ವಲ್ಪ ಜುಮ್ ಅನ್ನುತ್ತದೆ, ಮೀನಿನ ಕಂಪು ಹಿಡಿತಕ್ಕೆ ಬರುತ್ತದೆ. ಹಬ್ಬಕ್ಕೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಖತಖತೆ, ನಾನಾ ತರಕಾರಿಯ ಗಟ್ಟಿ ಹುಳಿ. ಮಂಗೇಶನ ಒಕ್ಕಲಿನವರಿಗೆ ಸೋಮವಾರ ಮೀನಿಲ್ಲ.

ಎರಡೂ ದಡಕ್ಕೆ ಸೇರಿದ್ದು ಶೀತ್-ಕಡಿ. ಅನ್ನ, ಮೀನಿನ ಸಾರು. ಫೋಂಡಾದ ಅಥವಾ ಮಡಗಾಂವಿನ ಯಾವುದಾದರೂ ಖಾನಾವಳಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಮೊದಲು ಹೋಗಿ ಕೂತು ‘ಫಿಶ್ ಥಾಳಿ’ ಅನ್ನಿ. ಜೊತೆಗೆ ಕೊಡುವ ಕೋಕಮ್, ತೆಂಗಿನ ಹಾಲಿನ ಸೋಲ್‌ಕಡಿ ಕೊನೆಗೆ ಕುಡಿಯುವುದು, ಮೊದಲೇ ಮುಗಿಸಿಬಿಡಬೇಡಿ.

ಪಾವ್ ತರುವವನ ಹಾರ್ನು

ಗೋವಾದ ಹಳ್ಳಿಯಲ್ಲಿ ಒಂದು ರಾತ್ರಿ ಉಳಿದರೆ ಬೆಳಿಗ್ಗೆ ಆರೂವರೆಗೆ ಹಾರ್ನು ಎಬ್ಬಿಸುತ್ತದೆ. ಪೊಂಪೊಂ, ಪೊಂಪೊಂ. ರಬ್ಬರ್ ಉಂಡೆ ಹಿಸುಕಿ ಬಾರಿಸುವ ಹಳೇ ಹಾರ್ನು. ಸೈಕಲ್ಲು, ಹಿಂದೆ ದೊಡ್ಡ ಬಿದಿರಿನ ಬುಟ್ಟಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್ಕು. ಇವನೇ ಪೊದೇರ್. ಬುಟ್ಟಿಗೆ ಕೈ ಇಟ್ಟರೆ ಬಿಸಿ ತಾಗುತ್ತದೆ. ಚೌಕ ಪಾವ್, ದುಂಡಗಿನ ಗಟ್ಟಿ ಸಿಪ್ಪೆಯ ಉಂಡೋ, ಬಳೆಯ ಹಾಗಿರುವ ಗರಿಗರಿ ಕಾಂಕಣ್. ಇವುಗಳಲ್ಲಿ ನನ್ನ ಪಾಲಿಗೆ ದೊಡ್ಡದು ಪೊಯಿ. ಗೋಧಿ ಹೊಟ್ಟು ಉದುರಿಸಿದ ಚಪ್ಪಟೆ ರೊಟ್ಟಿ, ಬಾಯಿ ತೆರೆದರೆ ಒಳಗೆ ಜೇಬಿನಂತೆ ಪೊಳ್ಳು.

ಗೋಧಿ ಬೆಳೆಯದ ನೆಲದಲ್ಲಿ ರೊಟ್ಟಿ ಬೇರೂರಿದ್ದು ಬಂದವರ ಹಟದಿಂದ. ಅವರಿಗೆ ಅನ್ನ ಸಾಲದು. ಯೀಸ್ಟ್ ಸಿಗದ ಕಡೆ ಹಿಟ್ಟು ಉಬ್ಬಿಸುವುದು ಹೇಗೆ? ಮತ್ತೆ ಅದೇ ಸೂರ್. ಅದರಲ್ಲಿ ಯೀಸ್ಟ್ ತಾನಾಗಿಯೇ ಇರುತ್ತದೆ. ಹಿಟ್ಟಿಗೆ ಕಳ್ಳು ಬೆರೆಸಿ ರಾತ್ರಿಯಿಡೀ ಬಿಟ್ಟರು, ಉಬ್ಬಿತು. ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಸಾನ್ನಾಂ ಉಬ್ಬುವುದೂ ಇದರಿಂದಲೇ, ಮಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಒಂದು ಮರದ ರಸ ಹುಳಿಯೂ ಆಯಿತು, ರೊಟ್ಟಿಯೂ ಆಯಿತು. ಈಗಿನ ಬೇಕರಿಗಳಲ್ಲಿ ಬಹುಪಾಲು ಅಂಗಡಿಯ ಯೀಸ್ಟೇ.

ಹಿಂದೆ ಹಿಂದೂಗಳು ಈ ಪಾವ್ ಮುಟ್ಟುತ್ತಿರಲಿಲ್ಲ. ಬಾವಿಗೆ ಪಾವ್ ಎಸೆದು, ಆ ನೀರು ಕುಡಿದವರನ್ನೆಲ್ಲ ಜಾತಿಗೆಟ್ಟವರು ಅಂದು ಇಡೀ ಊರನ್ನೇ ಮತಾಂತರ ಮಾಡಿದರು ಅನ್ನುವ ಕಥೆ ಕೊಂಕಣದ ತುಂಬ ಇದೆ. ಇವತ್ತು ಫೋಂಡಾದ ಬಸ್‌ಸ್ಟ್ಯಾಂಡಿನ ಬಳಿ ಬೆಳಿಗ್ಗೆ ನೋಡಿ. ಹಣೆಗೆ ಕುಂಕುಮ ಇಟ್ಟುಕೊಂಡವರು ದೇವಸ್ಥಾನ ಮುಗಿಸಿ ಬಂದು ಪಾತಳ್ ಭಾಜಿ ಅನ್ನುವ ತೆಳು ಪಲ್ಯದಲ್ಲಿ ಪಾವ್ ಅದ್ದಿ ತಿನ್ನುತ್ತಿರುತ್ತಾರೆ.

ಸಿಹಿಯಲ್ಲಿ ಬೆಬಿಂಕಾ ಒಂದನ್ನು ಬಿಡಬಾರದು. ತೆಂಗಿನ ಹಾಲು, ಸಕ್ಕರೆ, ಮೈದಾ, ಮೊಟ್ಟೆಯ ಹಳದಿ ಕಲಸಿದ ತೆಳು ಹಿಟ್ಟು. ತುಪ್ಪ ಸವರಿದ ಪಾತ್ರೆಗೆ ಒಂದು ಸೌಟು ಹಾಕಿ, ಮುಚ್ಚಳದ ಮೇಲೆ ತೆಂಗಿನ ಸಿಪ್ಪೆಯ ಕೆಂಡ ಇಡುತ್ತಾರೆ. ಶಾಖ ಮೇಲಿನಿಂದ ಬರಬೇಕು. ಒಂದು ಪದರ ಕಂದುಬಣ್ಣಕ್ಕೆ ತಿರುಗಿದ ಮೇಲೆ ಒಂದು ಚಮಚ ತುಪ್ಪ, ಇನ್ನೊಂದು ಸೌಟು ಹಿಟ್ಟು, ಮತ್ತೆ ಮುಚ್ಚಳ. ಹೀಗೆ ಏಳು ಪದರವಾದರೂ ಬೇಕು. ನಡುವೆ ಎದ್ದು ಹೋಗುವ ಹಾಗಿಲ್ಲ. ಅರ್ಧ ದಿನ ಒಲೆ ಮುಂದೆ ಕೂತಿರಬೇಕು, ಅದಕ್ಕೇ ಕ್ರಿಸ್‌ಮಸ್ಸಿಗೆ ಮಾತ್ರ ಮಾಡುತ್ತಿದ್ದರು. ಕನ್ಯಾಮಠದ ಬೆಬಿಯಾನಾ ಅನ್ನುವ ಸನ್ಯಾಸಿನಿ ಮಾಡಿದ್ದು ಅನ್ನುವ ಕಥೆಯಿದೆ. ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸಿ ಹಳದಿ ಉಳಿಯುತ್ತಿತ್ತಂತೆ. 2023ರಲ್ಲಿ ಬೆಬಿಂಕಾಗೆ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. ಅಂಗಡಿಯ ಪ್ಯಾಕೆಟ್ಟಿನದ್ದನ್ನು ತಿಂದು ‘ಇಷ್ಟೇನಾ’ ಅನ್ನಬೇಡಿ. ಸ್ವಲ್ಪ ಬಿಸಿ ಮಾಡಿ ತಿನ್ನಬೇಕು.

ಫೆನಿ ಬಗ್ಗೆ ಎರಡು ಮಾತು. ಗೇರು ಬ್ರೆಜಿಲ್‌ನಿಂದ ಬಂದ ಮರ. ಮಾರ್ಚ್‌ನಿಂದ ಮೇವರೆಗೆ ಹಣ್ಣು ತುಳಿದು ರಸ ತೆಗೆದು, ಹುಳಿ ಬರಿಸಿ, ಬಟ್ಟಿ ಇಳಿಸುತ್ತಾರೆ. ಮೊದಲ ಸಲ ಇಳಿದದ್ದು ಉರಾಕ್, ಮತ್ತೆ ಬಟ್ಟಿಗೆ ಹೋದದ್ದು ಫೆನಿ. ಉರಾಕ್ ಆ ಬೇಸಿಗೆಯಲ್ಲಷ್ಟೇ ಸಿಗುತ್ತದೆ. ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಗೆರೆ ಅಳಿಸಿದ ಕಡೆ

ಇಷ್ಟೆಲ್ಲ ಕೇಳಿ ‘ಹಳೆಯ ಗೆಲುವಿ’ನ ಗೋವಾ ಪೂರ್ತಿ ಕ್ರೈಸ್ತರದು ಅಂದುಕೊಂಡರೆ ತಪ್ಪು. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಕ್ರೈಸ್ತರು ಶೇ. 25, ಹಿಂದೂಗಳು ಶೇ. 66. ಹಳೆಯ ಗೆರೆಯ ಮೇಲೆ ಎರಡೂ ಕಡೆಯವರು ಓಡಾಡಿ ಓಡಾಡಿ ಅದು ಎಷ್ಟೋ ಕಡೆ ಅಳಿಸಿದೆ.

ಮಾಪ್ಸಾದ ಮಿಲಾಗ್ರಿಸ್ ಸಾಯಬಿಣಿಯ, ಅಂದರೆ ಮೇರಿಮಾತೆಯ, ಹಬ್ಬಕ್ಕೆ ಹಿಂದೂಗಳು ಎಣ್ಣೆ ತರುತ್ತಾರೆ. ಶಿರಗಾಂವಿನ ಲೈರಾಯಿ ದೇವಿಯೂ ಈ ಸಾಯಬಿಣಿಯೂ ಅಕ್ಕತಂಗಿಯರು ಅನ್ನುವುದು ಜನರ ನಂಬಿಕೆ. ಏಳು ಜನ ಅಕ್ಕತಂಗಿಯರಲ್ಲಿ ಒಬ್ಬಳು ಕ್ರೈಸ್ತಳಾದಳು, ಅಷ್ಟೇ. ಕುಂಕಳ್ಳಿಯ ಶಾಂತಾದುರ್ಗೆ 16ನೇ ಶತಮಾನದಲ್ಲಿ ಫಾತರ್ಪೆಗೆ ಹೋದವಳು. ಪ್ರತಿ ವರ್ಷ ಫಾಲ್ಗುಣದಲ್ಲಿ ಹಳೆಯ ಊರಿಗೆ ಬಣ್ಣಬಣ್ಣದ ಛತ್ರಿಗಳ ಮೆರವಣಿಗೆಯಲ್ಲಿ ಬರುತ್ತಾಳೆ. ಹನ್ನೆರಡು ಛತ್ರಿ ಹನ್ನೆರಡು ಮನೆತನಕ್ಕೆ. ಆ ಮನೆತನಗಳ ಒಂದು ಭಾಗ ಈಗ ಕ್ಯಾಥೊಲಿಕರು, ಅವರಿಗೂ ಪಾಲಿದೆ.

ಮನೆ ನೋಡಬೇಕೆಂದರೆ ಸಾಸಷ್ಟಿಯ ಚಾಂದೋರಿಗೆ ಹೋಗಿ. ಮೆನೆಜಿಸ್ ಬ್ರಗಾಂಝಾ ಮನೆಯ ಉದ್ದನೆಯ ಕಿಟಕಿಸಾಲು ಎಲ್ಲರೂ ನೋಡುತ್ತಾರೆ. ಅಂಥ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ಚಪ್ಪಟೆ ಕಡಲ ಚಿಪ್ಪು ಇರುತ್ತದೆ. ಅಂಗೈಗಿಂತ ಚಿಕ್ಕ ಚೌಕಗಳು, ಮರದ ಪಟ್ಟಿಯಲ್ಲಿ ಸಿಕ್ಕಿಸಿದ್ದು. ಬಿಸಿಲು ಹಾಲಿನ ಬಣ್ಣಕ್ಕೆ ತಿರುಗಿ ಒಳಗೆ ಬರುತ್ತದೆ, ಧಗೆ ಬರುವುದಿಲ್ಲ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ತಲೆಯಿಲ್ಲದ ಒಂದು ನಂದಿ ಕೂತಿದೆ. ಚಾಂದೋರ್ ಅಂದರೆ ಚಂದ್ರಪುರ, ಗೋವಾ ಕದಂಬರ ಮೊದಲ ರಾಜಧಾನಿ. ಅಲ್ಲಿಗೆ ಟ್ಯಾಕ್ಸಿಯವರು ಕರೆದುಕೊಂಡು ಹೋಗುವುದಿಲ್ಲ. ಕೇಳಿಕೊಂಡು ಹೋಗಬೇಕು.

ಹೊಲಗಳನ್ನೂ ಗಮನಿಸಿ. ನದಿ ಬಾಯಲ್ಲಿ ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಗದ್ದೆಗಳಿಗೆ ಅಲ್ಲಿ ಖಜನ್ ಅನ್ನುತ್ತಾರೆ. ಉಬ್ಬರ ಇಳಿತಕ್ಕೆ ತಾನಾಗಿ ತೆರೆದು ಮುಚ್ಚುವ ಮರದ ಬಾಗಿಲು ಇರುತ್ತದೆ. ಅಘನಾಶಿನಿ ಕಡೆಯವರು ಗಜನಿ ಅನ್ನುತ್ತಾರೆ. ಅಲ್ಲಿ ಉಪ್ಪು ತಡೆಯುವ ಭತ್ತ ಕೊರ್ಗುಟ್, ಇಲ್ಲಿ ಕಗ್ಗ. ಇದು ಪೋರ್ಚುಗೀಸರಿಗಿಂತ ಎಷ್ಟೋ ಹಳೆಯದು.

ಓಡಾಟದ ಲೆಕ್ಕ ಹೇಳುವುದಾದರೆ, ಓಲ್ಡ್ ಗೋವಾಕ್ಕೆ ಒಂದು ಬೆಳಿಗ್ಗೆ ಪೂರ್ತಿ ಕೊಡಿ. ಅಲ್ಲಿಂದಲೇ ಫೆರ್ರಿಯಲ್ಲಿ ದಿವಾರ್ ನಡುಗಡ್ಡೆಗೆ ದಾಟಿ. ನಡೆದು ಹತ್ತುವವರಿಗೆ ದುಡ್ಡಿಲ್ಲ. ಮರುದಿನ ಫೋಂಡಾ, ಮೂರನೆಯ ದಿನ ಸಾಸಷ್ಟಿ. ಪಣಜಿಯ ಹಳೆಯ ಬಡಾವಣೆ ಫೊಂಟೈನ್ಹಾಸ್‌ನ ಓಣಿಗಳಿಗೆ ಬೆಳಿಗ್ಗೆ ಎಂಟರೊಳಗೆ ಹೋದರೆ ಫೋಟೋ ತೆಗೆಸಿಕೊಳ್ಳುವವರ ಗದ್ದಲ ಇರುವುದಿಲ್ಲ. ಅಲ್ಲಿ ಜನ ವಾಸ ಇದ್ದಾರೆ, ಯಾರದೋ ಮೆಟ್ಟಿಲ ಮೇಲೆ ಕೂರುವ ಮುಂಚೆ ಒಂದು ಮಾತು ಕೇಳಿ. ಬೀಚಿಗೆ ದಾರಿ ನಿಮಗೇ ಗೊತ್ತು.

ವಾಪಸ್ ಬರುವಾಗ ಸಾಧ್ಯವಾದರೆ ರೈಲು ಹಿಡಿಯಿರಿ. ದೂಧಸಾಗರ ದಾಟಿ ಘಟ್ಟ ಹತ್ತಿದ ಮೇಲೆ ಕ್ಯಾಸಲ್‌ರಾಕ್ ಬರುತ್ತದೆ. 1961ಕ್ಕೆ ಮೊದಲು ಎರಡು ದೇಶಗಳ ಗಡಿ ಇದೇ ಆಸುಪಾಸಿನಲ್ಲಿತ್ತು. ಪೆಟ್ಟಿಗೆ ಬಿಚ್ಚಿಸಿ ನೋಡುತ್ತಿದ್ದರು. ಈಗ ಚಹಾ ಸಿಕ್ಕಿದರೆ ಪುಣ್ಯ. ಬೆಳಿಗ್ಗೆ ಪೊದೇರ್ ಹತ್ತಿರ ಕೊಂಡ ಪೊಯಿ ಇದ್ದರೆ ಇಲ್ಲೇ ತೆಗೆಯಿರಿ. ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಚಕ್ಕಳದಂತಾಗಿರುತ್ತದೆ. ಆದರೂ ಉಳಿದರೆ ನೀರು ಚಿಮುಕಿಸಿ ಕಾದ ತವೆಯ ಮೇಲೆ ಎರಡು ನಿಮಿಷ ಮುಚ್ಚಿಡಿ. ಮೆತ್ತಗಾಗುತ್ತದೆ.